ನೋಡದವರ ಮುಂದೆ ಹೇಳಬಾರದು

ಆ ಸಿನಿಮಾಗಳಲ್ಲಿ ಒಂದನ್ನೂ ನಾನು ನೋಡಿಲ್ಲ. ಆದರೆ ಅವುಗಳ ಕಥೆ ನನಗೆ ಗೊತ್ತಿರುವಷ್ಟು ನೋಡಿದವರಿಗೂ ಗೊತ್ತಿರಲಿಕ್ಕಿಲ್ಲ. ವರ್ಷಗಟ್ಟಲೆ ರವಿವಾರ ಮುಂಜಾನೆ ನಮ್ಮ ಪಡಸಾಲೆಯಲ್ಲಿ ಅವುಗಳದೇ ಮಾತು ನಡೆಯುತ್ತಿತ್ತು. ನಾನು ಒಳಗೆ ಚಹಾ ಸೋಸುತ್ತ, ಮಂಡಕ್ಕಿಗೆ ಒಗ್ಗರಣೆ ಹಾಕುತ್ತ ಕೇಳಿದವಳು. ಗರಗದ ಸಾಲಿಯಲ್ಲಿ ಹತ್ತನೆಯ ಇಯತ್ತೆಯವರೆಗೆ ಓದಿದ ನನಗೆ ಗ್ರಹ, ನಕ್ಷತ್ರ ಅಂದರೆ ಪುಸ್ತಕದಲ್ಲಿದ್ದಷ್ಟೇ. ಉಳಿದದ್ದೆಲ್ಲ ಆ ಮೂವರು ಗಂಡಸರ ಜಗಳದಿಂದ ಕಲಿತದ್ದು.

ಕಥೆ ಇಷ್ಟೇ. ಆಕಾಶದಲ್ಲಿ ಒಂದು ಹಡಗು ದಾರಿ ತಪ್ಪಿದೆ. ಅದರಲ್ಲಿ ಒಬ್ಬ ಕಪ್ತಾನ, ಒಬ್ಬ ಡಾಕ್ಟರಮ್ಮ, ಒಬ್ಬ ಎಂಜಿನ್ ನೋಡಿಕೊಳ್ಳುವವನು, ಒಂದು ಯಂತ್ರದ ಮನುಷ್ಯ. ಅವರೆಲ್ಲ ಭೂಮಿಗೆ, ತಮ್ಮ ಮನೆಗೆ ಹೊಳ್ಳಿ ಹೋಗಬೇಕು. ಪ್ರತಿ ಸಿನಿಮಾದಲ್ಲೂ ಇನ್ನೇನು ಮುಟ್ಟಿದರು ಅನ್ನುವಾಗ ಬೇರೆ ಎಲ್ಲೋ ಹೋಗಿ ಇಳಿಯುತ್ತಾರೆ. ಯಾವುದೋ ಪರದೇಶದ ಸಿನಿಮಾ. ಹಿಂದಿ ಮಾತು ಕೂಡಿಸಿ ನಮ್ಮ ಕಡೆ ಕಳಿಸುತ್ತಿದ್ದರು. ಎರಡು ಮೂರು ವರ್ಷಕ್ಕೊಮ್ಮೆ ಹುಬ್ಬಳ್ಳಿಯ ಟಾಕೀಸಿಗೆ ಬಂದು ಒಂದು ವಾರ ಇದ್ದು ಹೋಗುತ್ತಿತ್ತು. ಮೊದಲನೆಯದು ಬಂದದ್ದು ತೊಂಬತ್ತರ ಸುಮಾರಿಗೆ. ಆಗ ನನ್ನ ಮದುವೆಯಾಗಿ ಬಹಳ ದಿನ ಆಗಿರಲಿಲ್ಲ.

ನನ್ನ ಗಂಡ ಅಮರಗೋಳದ ಮಾರ್ಕೆಟ್ ಯಾರ್ಡಿನಲ್ಲಿ ಒಂದು ದಲಾಲಿ ಅಂಗಡಿಯ ಗುಮಾಸ್ತರು. ಅವರಿಗೆ ಇಬ್ಬರು ಗೆಳೆಯರು. ಒಬ್ಬರದು ದುರ್ಗದಬೈಲಿನಲ್ಲಿ ಅಪ್ಪನ ಕಾಲದ ಬಟ್ಟೆ ಅಂಗಡಿ. ಎಲ್ಲರೂ ಅವರನ್ನು ಸಾವಕಾರ ಎಂದೇ ಕರೆಯುತ್ತಿದ್ದರು. ಇನ್ನೊಬ್ಬರು ಧಾರವಾಡದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರರು. ಮೂವರೂ ಸಾಲಿಯಲ್ಲಿ ಒಂದೇ ಬೆಂಚಿನವರು. ರವಿವಾರ ನಮ್ಮವರ ಲಿಂಗಪೂಜೆ ಮುಗಿಯುವುದರೊಳಗೆ ಸಾವಕಾರರ ಚಪ್ಪಲಿ ಬಾಗಿಲಲ್ಲಿ ಇರುತ್ತಿತ್ತು. ಧಾರವಾಡದ ಬಸ್ಸು ಹಿಡಿದು ಮಾಸ್ತರರು ಸ್ವಲ್ಪ ತಡವಾಗಿ ಬರುತ್ತಿದ್ದರು.

ಯಾವ ಸಿನಿಮಾ ಛಲೋ, ಯಾವುದು ಅದಕ್ಕಿಂತ ಕಡಿಮೆ ಎನ್ನುವುದು ಅವರ ವಾದ. ಅದಕ್ಕೆ ಅವರದೇ ಒಂದು ಪದ್ಧತಿ ಇತ್ತು. ನಮ್ಮವರು ಯಾರ್ಡಿನಿಂದ ಕಾಳಿನ ಮಾದರಿ ಪುಡಿಕೆಗಳನ್ನು ತರುತ್ತಿದ್ದರಲ್ಲ, ಆ ಕಾಳುಗಳನ್ನೇ ಚಾಪೆಯ ಮೇಲೆ ಸಾಲಾಗಿ ಇಡುತ್ತಿದ್ದರು. ಮೊದಲನೆಯ ಸಿನಿಮಾಕ್ಕೆ ಜೋಳ, ಎರಡನೆಯದಕ್ಕೆ ಕಡಲೆ, ಮೂರನೆಯದಕ್ಕೆ ಶೇಂಗಾ, ನಾಲ್ಕನೆಯದಕ್ಕೆ ಗೋಧಿ, ಐದನೆಯದಕ್ಕೆ ಕುಸುಬಿ. ಯಾರು ವಾದದಲ್ಲಿ ಗೆಲ್ಲುತ್ತಾರೋ ಅವರು ಕಾಳನ್ನು ಮೇಲೆ ಸರಿಸುವುದು. ಮುಂದಿನ ರವಿವಾರ ಮತ್ತೆ ಮೊದಲಿನಿಂದ.

ಮೂರನೆಯ ಸಿನಿಮಾದಲ್ಲಿ ಹಡಗಿನ ಎಂಜಿನ್ ಬಂದಾಗುತ್ತದೆ. ಎಲ್ಲರೂ ಕತ್ತಲಲ್ಲಿ ಕೂತು ಕಾಯುತ್ತಾರೆ, ಮಾತಾಡುತ್ತಾರೆ, ಅಷ್ಟೇ. ನಮ್ಮವರಿಗೆ ಅದೇ ಎಲ್ಲಕ್ಕಿಂತ ಮೇಲು.

"ಅದು ಸಿನಿಮಾ ಅಲ್ಲೋ, ರೇಶನ್ ಅಂಗಡಿ ಪಾಳಿ," ಎನ್ನುತ್ತಿದ್ದರು ಸಾವಕಾರರು. "ಮಂದಿ ರೊಕ್ಕಾ ಕೊಟ್ಟು ನಿದ್ದಿ ಮಾಡಿ ಬಂದ್ರು."

"ನಿದ್ದಿ ಮಾಡಿದಾಂವ ನೀನ. ಗೊರಕಿ ಹೊಡೆದು ಮುಂದಿನ ಸಾಲಿನವರ ಕಡೆ ಬೈಸ್ಕೊಂಡಿ."

"ಮಾಸ್ತರ, ನೀನ ಹೇಳೋ. ವಿಜ್ಞಾನದ ಪ್ರಕಾರ ಎಂಜಿನ್ ಬಂದಾದ್ರ ಅಷ್ಟು ದಿನಾ ಗಾಳಿ ಎಲ್ಲಿಂದ ಬಂತು?"

"ಗಾಳಿದೊಂದು ಲೆಕ್ಕಾ ತಪ್ಪೈತಿ," ಎಂದು ಮಾಸ್ತರರು ಕನ್ನಡಕ ಒರೆಸುತ್ತಿದ್ದರು. "ಅದಕ್ಕ ನನ್ನ ಲೆಕ್ಕದಾಗ ಅದು ಮೂರನೇ ನಂಬರು. ನಾಲ್ಕನೇದರಾಗ ಎಲ್ಲಾ ಲೆಕ್ಕಾ ಬರೋಬರಿ."

"ಗೆಳ್ಯಾರು ಕತ್ತಲದಾಗ ಕೂತು ಮಾತಾಡೋದ್ರಾಗ ಎಂಥಾ ಲೆಕ್ಕಾ ನೋಡ್ತೀರ್ಯೋ!" ಎಂದು ನಮ್ಮವರು ಶೇಂಗಾವನ್ನು ಮೇಲೆ ಸರಿಸುವುದರೊಳಗೆ ಸಾವಕಾರರು ಅದನ್ನು ಎತ್ತಿ ಬಾಯಿಗೆ ಹಾಕಿಕೊಂಡುಬಿಡುತ್ತಿದ್ದರು. "ಹೋತು ನೋಡು ನಿನ್ನ ಮೂರನೇದು. ವೈನಿ, ಶೇಂಗಾ ಛಲೋ ಅದಾವ್ರಿ, ಇನ್ನ ಒಂದಿಷ್ಟು ತರ್ರಿ!"

ನಾನು ನಗುತ್ತಿದ್ದೆ. ಆಗ ನಗು ಬರುತ್ತಿತ್ತು.

ಅವರಲ್ಲಿ ಒಂದು ನೇಮ ಇತ್ತು. ಸಿನಿಮಾ ನೋಡದವರ ಮುಂದೆ ಅದರ ಕಥೆ ಹೇಳಬಾರದು. ಮೂವರೂ ನೋಡಿದ ಮೇಲೆಯೇ ವಾದ. ಅದಕ್ಕಾಗಿ ಮೂವರೂ ಕೂಡಿಯೇ ಹೋಗುತ್ತಿದ್ದರು, ಮೊದಲ ರವಿವಾರದ ಮ್ಯಾಟನಿಗೆ. ಆ ನೇಮ ಮಾಡಿದವರು ನಮ್ಮವರೇ.

ಅದು ಎರಡನೆಯ ಸಿನಿಮಾ ಬಂದಾಗಿನ ಮಾತು. ಆಗ ಹುಬ್ಬಳ್ಳಿಗೂ ಧಾರವಾಡಕ್ಕೂ ಸೇರಿ ಒಂದೇ ಪ್ರಿಂಟು ಬರುತ್ತಿತ್ತು. ಹುಬ್ಬಳ್ಳಿಯಲ್ಲಿ ಒಂದು ರೀಲು ಮುಗಿದ ಕೂಡಲೇ ಆ ಡಬ್ಬಿಯನ್ನು ಲೂನಾದ ಮೇಲೆ ಇಟ್ಟುಕೊಂಡು ಟಾಕೀಸಿನ ಆಳು ಧಾರವಾಡಕ್ಕೆ ಓಡಿಸುತ್ತಿದ್ದ. ಅಲ್ಲಿ ಆಟ ತಡವಾಗಿ ಶುರುವಾಗುತ್ತಿತ್ತು. ಮಂದಿಗೆ ರೂಢಿಯಾಗಿತ್ತು. ರೀಲು ಬರುವವರೆಗೆ ಹೊರಗೆ ಹೋಗಿ ಮಿರ್ಚಿ ತಿಂದು ಬರುತ್ತಿದ್ದರು. ಆ ದಿನ ನಮ್ಮವರು ಧಾರವಾಡದಲ್ಲಿ ತಮ್ಮ ಅಕ್ಕನ ಮನೆಗೆ ಹೋದವರು ಅಲ್ಲೇ ಸಿನಿಮಾಕ್ಕೆ ಕೂತರು. ನವಲೂರ ಹತ್ತಿರ ಲಾರಿ ಅಡ್ಡ ಬಿದ್ದು ರಸ್ತೆ ಬಂದಾಯಿತು. ಕೊನೆಯ ರೀಲು ಬರಲೇ ಇಲ್ಲ. ದೀಪ ಹಾಕಿ ಎಲ್ಲರನ್ನೂ ಮನೆಗೆ ಕಳಿಸಿದರು. ಮರುದಿನ ಹುಬ್ಬಳ್ಳಿಯಲ್ಲಿ ಪೂರಾ ನೋಡೋಣ ಎಂದುಕೊಂಡು ಬಂದರೆ, ಹುಬ್ಬಳ್ಳಿಯ ಆಟ ಪೂರಾ ನೋಡಿದ್ದ ಸಾವಕಾರರು ಬೆಳಿಗ್ಗೆಯೇ ತಮ್ಮ ಅಂಗಡಿಯ ಮುಂದೆ ನಿಲ್ಲಿಸಿ ಕೊನೆಯನ್ನು ಹೇಳಿಬಿಟ್ಟರು. ಹಡಗಿನವರು ಎಂಜಿನಿನವನನ್ನು ಹಿಮದ ಗ್ರಹದಲ್ಲಿ ಬಿಟ್ಟು ಬರುತ್ತಾರೆ, ಅಂತ.

ನಮ್ಮವರು ಎಷ್ಟೋ ದಿನ ಅವರ ಸಂಗಡ ಮಾತು ಬಿಟ್ಟರು. ಮಾಸ್ತರರು ನಡುವೆ ಬಿದ್ದು ರಾಜಿ ಮಾಡಿಸಿದಾಗ ನಮ್ಮವರು ಈ ನೇಮ ಹಾಕಿದರು. "ನನ್ನ ಬಾಯಿಗೆ ಬೀಗಾ ಹಾಕ್ಯಾನಪ್ಪ ಇಂವ," ಎಂದು ಸಾವಕಾರರು ಹಣೆಯ ವಿಭೂತಿ ಮುಟ್ಟಿ ಆಣೆ ಮಾಡಿದರು. ಮಾಸ್ತರರೂ ಮಾಡಿದರು. ಚಹಾದ ಕಪ್ಪು ಹಿಡಿದು ಬಾಗಿಲಲ್ಲಿ ನಿಂತಿದ್ದ ನನ್ನನ್ನು ಯಾರೂ ಆಣೆಗೆ ಕರೆಯಲಿಲ್ಲ. ನಾನು ಎಣಿಕೆಯಲ್ಲಿ ಇರಲಿಲ್ಲ. ಅದರ ಬಗ್ಗೆ ಆಗ ನನಗೇನೂ ಅನ್ನಿಸಲಿಲ್ಲ.

ಐದನೆಯದು ಬಂದ ವರ್ಷವೇ ನಮ್ಮವರಿಗೆ ಸಕ್ಕರೆ ರೋಗ ಇದೆಯೆಂದು ಗೊತ್ತಾಯಿತು. ಆಮೇಲಿನದು ಎಲ್ಲರ ಮನೆಯಲ್ಲಿ ನಡೆಯುವಂಥದ್ದೇ. ಕಾಲಿನ ಹುಣ್ಣು ಮಾಯಲಿಲ್ಲ, ಎರಡು ಬೆರಳು ತೆಗೆದರು. ಮೂತ್ರಪಿಂಡ ಕೆಟ್ಟಿತು. ಡಯಾಲಿಸಿಸ್ ಶುರುವಾಯಿತು. ನಡುವೆ ಕಣ್ಣು ಮಸುಕಾಗುತ್ತ ಬಂತು. ಮೊದಲು ಯಾರ್ಡಿನ ಚೀಲದ ಮೇಲಿನ ಗುರುತು ಕಾಣದಂತಾಯಿತು, ಆಮೇಲೆ ನನ್ನ ಮುಖ. ಕಣ್ಣಿನ ಡಾಕ್ಟರು ನನ್ನನ್ನು ಹೊರಗೆ ಕರೆದು, "ಇದು ಹೊಳ್ಳಿ ಬರೂದಿಲ್ರಿ. ಇನ್ನೊಂದು ಆಪರೇಶನ್ ಅಂತ ಯಾರರೆ ಹೇಳಿದ್ರ ನಂಬಬ್ಯಾಡ್ರಿ," ಎಂದರು. ಮನೆಗೆ ಬಂದು ನಮ್ಮವರಿಗೆ ಹೇಳಿದೆ. ಅವರು, "ನಿನಗಿಂತ ಮೊದಲ ನನಗ ಗೊತ್ತಿತ್ತು," ಎಂದರು. ಗೆಳೆಯರಿಬ್ಬರಿಗೂ ನಾನೇ ಹೇಳಿದೆ. ಮುಚ್ಚಿಟ್ಟ ಮಾತು ಯಾವುದೂ ಇರಲಿಲ್ಲ.

ಆಗಲೂ ರವಿವಾರದ ವಾದ ನಿಲ್ಲಲಿಲ್ಲ. ಅದನ್ನು ನಾನು ಒಪ್ಪುತ್ತೇನೆ. ನಮ್ಮವರು ಕಾಳನ್ನು ಬೆರಳಿನಿಂದ ಮುಟ್ಟಿ ಗುರುತು ಹಿಡಿಯುತ್ತಿದ್ದರು. "ಲೇ ಸಾವಕಾರಾ, ಶೇಂಗಾ ಕೆಳಗ ಸರಿಸೀದಿ. ನಾ ಕುರುಡ ಆಗೇನಿ, ಹುಚ್ಚ ಆಗಿಲ್ಲ," ಎಂದು ಬೈದು ಮತ್ತೆ ಮೇಲೆ ಇಡುತ್ತಿದ್ದರು. ವಾರವೆಲ್ಲ ಹಾಸಿಗೆಯಲ್ಲಿ ಗೋಡೆಯ ಕಡೆ ತಿರುಗಿ ಮಲಗುವ ಮನುಷ್ಯ ಆ ಒಂದು ಮುಂಜಾನೆ ಎದ್ದು ಕೂಡುತ್ತಿದ್ದರು.

ಐದನೆಯದು ಬಂದು ಹತ್ತು ವರ್ಷದ ಮೇಲಾಗಿತ್ತು, ಮಗಳು ಮದುವೆಯಾಗಿ ಗಂಡನ ಮನೆ ಸೇರಿದ್ದಳು. ಆಗ ಆರನೆಯದು ಬರುತ್ತದೆ ಎಂಬ ಸುದ್ದಿ ಬಂತು. ಅದೇ ಕಡೆಯದು, ಅದಾದ ಮೇಲೆ ಮತ್ತೆ ತೆಗೆಯುವುದಿಲ್ಲ ಎಂದು ಪೇಪರಿನಲ್ಲಿ ಬಂದಿತ್ತಂತೆ. ನಮ್ಮವರಿಗೆ ಅದೊಂದೇ ಧ್ಯಾನ. ಹಡಗು ಊರು ಮುಟ್ಟುತ್ತದೋ ಇಲ್ಲವೋ, ಮುಟ್ಟಿದರೆ ಯಾರು ಯಾರು ಇಳಿಯುತ್ತಾರೆ. ನಾನು ಊಟ ಮಾಡಿಸುವಾಗಲೂ ಅದೇ ಮಾತು.

"ಆರನೇದಕ್ಕ ಹೆಸರುಕಾಳು ಇಡೋಣು," ಎಂದರು ಒಂದು ದಿನ. "ಅದನ್ನ ಅವರ ಕೂಡ ಕೂತು ಜಾಗಾಕ್ಕ ಹಚ್ಚಿಬಿಟ್ರ ನಂದ ಲೆಕ್ಕಾ ಮುಗೀತು ನೋಡು."

"ಹಂಗ್ಯಾಕ ಮಾತಾಡ್ತೀರಿ?"

"ಮತ್ತ ಹೆಂಗ ಮಾತಾಡ್ಲಿ? ಖರೇ ಮಾತಾಡ್ಲಿಕ್ಕೆ ಈ ಮನ್ಯಾಗ ನಾವಿಬ್ರ ಅದೇವಿ."

ಸಾವಕಾರರು ಮಾತು ಕೊಟ್ಟಿದ್ದರು. ಸಿನಿಮಾ ಬಂದ ಮೊದಲ ರವಿವಾರ ರಿಕ್ಷಾ ತರುತ್ತೇವೆ, ಎತ್ತಿಕೊಂಡಾದರೂ ಒಳಗೆ ಕೂಡಿಸುತ್ತೇವೆ, ಹಿಂದಿ ಮಾತು ನೀನೇ ಕೇಳು, ಪರದೆಯ ಮೇಲೆ ಏನು ನಡೆದಿದೆ ಎಂದು ನಾನು ಕಿವಿಯಲ್ಲಿ ಹೇಳುತ್ತೇನೆ, ಎಂದು. ಆ ರವಿವಾರ ನಾನು ನಮ್ಮವರಿಗೆ ಜಳಕ ಮಾಡಿಸಿ, ಇಸ್ತ್ರಿಯ ಅಂಗಿ ತೊಡಿಸಿ, ಕುರ್ಚಿಯಲ್ಲಿ ಕೂಡಿಸಿದೆ. ದಾರಿಯಲ್ಲಿ ಸಕ್ಕರೆ ಇಳಿದರೆ ಇರಲಿ ಎಂದು ಜೇಬಿನಲ್ಲಿ ಬಿಸ್ಕೀಟು ಇಟ್ಟೆ. ಇಬ್ಬರೂ ಬಂದರು. ರಿಕ್ಷಾ ತಂದಿರಲಿಲ್ಲ.

ಚಾಪೆಯ ಮೇಲೆ ಕೂತು ಮಾಸ್ತರರು ಪರೀಕ್ಷೆಯ ಪೇಪರು ತಿದ್ದುವ ಕೆಲಸದ ಬಗ್ಗೆ ಮಾತಾಡಿದರು. ಸಾವಕಾರರು ಅಂಗಡಿಯ ಮುಂದೆ ಗಟಾರ ಒಡೆದದ್ದನ್ನು ಹೇಳಿದರು. ನಮ್ಮವರು ಎಲ್ಲ ಕೇಳಿ, "ಸಿನಿಮಾ ಬಂದೈತಂತಲ್ಲ," ಎಂದರು.

"ಹೌದ? ಬಂದೈತೇನು?" ಎಂದರು ಸಾವಕಾರರು.

"ಸಾವಕಾರಾ, ನಿನ್ನ ಅಂಗಡಿ ಎದುರಿನ ಗ್ವಾಡಿಗೆ ಅದರ ಪೋಸ್ಟರ್ ಹಚ್ತಾರ. ನೀ ನೋಡಿ ಬಂದೀದಿ. ಮಾಸ್ತರನೂ ನೋಡ್ಯಾನ. ಇಬ್ರ ದನಿಯಾಗೂ ಗೊತ್ತಾಗಾಕತ್ತೈತಿ."

ಇಬ್ಬರೂ ಮೊದಲ ದಿನವೇ, ಶುಕ್ರವಾರವೇ, ಹೋಗಿಬಂದಿದ್ದರು. ಆ ನೇಮ ಆದ ಮೇಲೆ ಮೂವರಲ್ಲಿ ಒಬ್ಬರನ್ನು ಬಿಟ್ಟು ಹೋದದ್ದು ಅದೇ ಮೊದಲು. ನಾನು ಬಾಗಿಲಲ್ಲಿ ನಿಂತಿದ್ದೆ. ಸಿಟ್ಟು ಬರುತ್ತದೆ ಎಂದುಕೊಂಡರೆ ನಮ್ಮವರಿಗೆ ಸಿಟ್ಟು ಬರಲಿಲ್ಲ.

"ಆತು ಬಿಡ್ರಿ. ನನ್ನ ಹೊತ್ಕೊಂಡು ಹೋಗೋದು ಭಾಳ ತ್ರಾಸಿಂದು," ಎಂದರು. "ಈಗ ಹೇಳ್ರಿ. ಹಡಗ ಮುಟ್ಟಿತೋ ಇಲ್ಲೋ?"

"ಹೆಂಗ ಹೇಳ್ಬೇಕೋ? ನೀ ನೋಡಿಲ್ಲಲ್ಲ," ಎಂದರು ಸಾವಕಾರರು. "ನೇಮ ನಿಂದ."

"ನಾ ಹೆಂಗ ನೋಡ್ಲಿ?"

"ಅರಾಮ ಆಗ್ತೀಯಲ್ಲೋ. ಈಗ ಕಣ್ಣಿಗೆ ಏನೇನೋ ಬಂದಾವ. ಅದು ಮತ್ತ ಬರ್ತೈತಿ ಟಾಕೀಜಿಗೆ. ಮೂರೂ ಮಂದಿ ಕೂಡೇ ಹೋಗಿ ಆಮ್ಯಾಲೆ ಜಗಳಾ ಮಾಡೋಣು."

"ಮಾಸ್ತರ, ನೀನರೆ ಹೇಳೋ."

ಮಾಸ್ತರರು ಕನ್ನಡಕ ತೆಗೆದು ಒರೆಸಿದರು. "ಧೈರ್ಯಾ ಬಿಡಬಾರ್ದು ಮಾರಾಯಾ," ಎಂದರು.

ಬಸ್ಸಿಗೆ ಹೊತ್ತಾಯಿತೆಂದು ಮಾಸ್ತರರು ಎದ್ದರು. ಅವರ ಹಿಂದೆಯೇ ಸಾವಕಾರರೂ ಎದ್ದರು. ಮುಂದಿನ ರವಿವಾರ ಯಾರೂ ಬರಲಿಲ್ಲ. ಅದರ ಮುಂದಿನ ರವಿವಾರವೂ ಇಲ್ಲ. ಅವರಿಗೂ ಕಷ್ಟವೇ ಆಗಿರಬೇಕು. ಬಂದರೆ ಆರನೆಯದರ ಮಾತು ಬರುತ್ತದೆ, ಮಾತಾಡುವಂತಿಲ್ಲ. ಹಾಗೆಂದು ಬರುವುದನ್ನೇ ಬಿಟ್ಟರು. ನಮ್ಮವರು ಮಾತ್ರ ಪೂಜೆ ಮುಗಿಸಿ ಬಾಗಿಲ ಕಡೆ ಕಿವಿ ಕೊಟ್ಟು ಕೂಡುತ್ತಿದ್ದರು. ಹಾಲಿನವನ ಚಪ್ಪಲಿ ಸಪ್ಪಳಕ್ಕೂ, "ಯಾರ?" ಎನ್ನುತ್ತಿದ್ದರು.

"ನಾ ಹೋಗಿ ನೋಡಿ ಬಂದು ಹೇಳ್ಲೇನ್ರಿ?" ಎಂದು ಕೇಳಿದೆ. ಒಬ್ಬಳೇ ಟಾಕೀಸಿಗೆ ಹೋದವಳಲ್ಲ ನಾನು, ಆದರೆ ಹೋಗುತ್ತಿದ್ದೆ.

ಅವರು ನಕ್ಕರು. "ನೀ ಹೇಳಿದ್ರ ನಾ ಹೂಂ ಅಂತೇನಿ. ಅಷ್ಟ. ನೀ ನನ್ನ ಕೂಡ ಜಗಳಾ ಮಾಡಾಕಿ ಅಲ್ಲ. ನನಗ ಕಥಿ ಬ್ಯಾಡ. ಅವರು ಒಂದ ಅನಬೇಕು, ನಾ ಒಂದ ಅನಬೇಕು."

ನಾನೇ ದುರ್ಗದಬೈಲಿಗೆ ಹೋದೆ. ಸಾವಕಾರರು ಯಾರಿಗೋ ಸೀರೆ ಬಿಚ್ಚಿ ತೋರಿಸುತ್ತಿದ್ದರು. ನನ್ನನ್ನು ನೋಡಿ ಎದ್ದು ನಿಂತರು, ಆಳಿಗೆ ಚಹಾ ಹೇಳಿದರು. ಚಹಾ ಬೇಡ ಎಂದೆ.

"ಒಂದ ರವಿವಾರ ಬಂದು ಕಥಿ ಹೇಳಿ ಹೋಗ್ರಿ ಅಣ್ಣಾರ. ಬಾಕಿ ಏನೂ ಬ್ಯಾಡ," ಎಂದೆ. "ಅವರು ಕಾಯಾಕತ್ತಾರ."

"ಅವಂಗ ಅರಾಮ ಆಗಲಿ ವೈನಿ..."

"ಆಗೂದಿಲ್ರಿ. ನಿಮಗ ನಾನ ಹೇಳೇನಿ. ಡಾಕ್ಟರು ಏನಂದ್ರಂತ ಅವರಿಗೂ ಗೊತ್ತೈತಿ."

ಅವರು ಸೀರೆಯ ಮಡಿಕೆ ಸರಿಮಾಡಿದರು. "ಹಂಗ ಅನಬ್ಯಾಡ್ರಿ ವೈನಿ. ಬಾಯಾಗಿಂದ ಅಂಥಾ ಮಾತು ತಗೀಬಾರ್ದು," ಎಂದರು. ಗಿರಾಕಿಯ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಗಂಡನ ಸಾವು ಬಯಸುವವಳನ್ನು ನೋಡಿದ ಹಾಗೆ.

ಆ ರವಿವಾರ ಸಾವಕಾರರು ಒಬ್ಬರೇ ಬಂದರು. ನಾಲ್ಕು ಸೇಬು ತಂದಿದ್ದರು. ಡಯಾಲಿಸಿಸ್ ಮಾಡಿಸಿಕೊಳ್ಳುವವರು ಅದನ್ನೆಲ್ಲ ಅಳೆದು ತಿನ್ನಬೇಕು ಎನ್ನುವುದು ಅವರಿಗೆ ಗೊತ್ತಿರಲಿಲ್ಲ. ನಮ್ಮವರು ಸಪ್ಪಳ ಕೇಳಿಯೇ ಎದ್ದು ಕೂತು, "ಕಾಳು ತಾ," ಎಂದು ನನಗೆ ಹೇಳಿದರು. ತಂದು ಇಟ್ಟೆ. ಐದೂ ಕಾಳುಗಳನ್ನು ಅವರೇ ಮುಟ್ಟಿ ಮುಟ್ಟಿ ಸಾಲಾಗಿ ಇಟ್ಟರು. ಹೆಸರುಕಾಳನ್ನು ಬೆರಳ ತುದಿಯಲ್ಲಿ ಹಿಡಿದುಕೊಂಡು, "ಕಥಿ ಹೇಳಬ್ಯಾಡ. ನೇಮ ಮುರೀಬ್ಯಾಡ. ಇದನ್ನ ನೀ ಎಲ್ಲಿ ಇಡ್ತಿ, ಅಷ್ಟ ಹೇಳು," ಎಂದರು. "ಮ್ಯಾಲೋ, ಕೆಳಗೋ?"

ಅದಕ್ಕಿಂತ ಕಡಿಮೆ ಏನು ಕೇಳಬಹುದು ಒಬ್ಬ ಮನುಷ್ಯ?

"ನೀ ನೋಡಿದ ಮ್ಯಾಲೆ ಇಡೋಣು," ಎಂದರು ಸಾವಕಾರರು. ಅವರ ಕಣ್ಣಲ್ಲಿ ನೀರಿತ್ತು. ಅದನ್ನು ನಾನು ನೋಡಿದೆ. ನಮ್ಮವರಿಗೆ ಕಾಣುವಂತಿರಲಿಲ್ಲ. ಅವರಿಗೆ ಸಿಕ್ಕದ್ದು ಆ ಮಾತು ಮಾತ್ರ. ಕಾಳನ್ನು ಚಾಪೆಯ ಮೇಲೆ ಬಿಟ್ಟು ಗೋಡೆಯ ಕಡೆ ತಿರುಗಿ ಮಲಗಿದರು. ಆಮೇಲೆ ಅವರು ಆ ಸಿನಿಮಾದ ಮಾತು ಎತ್ತಲಿಲ್ಲ. ಊಟದ ಹೊತ್ತಿಗೂ ಎತ್ತಲಿಲ್ಲ. ರವಿವಾರ ಯಾವುದು, ಸೋಮವಾರ ಯಾವುದು ಎಂದು ಕೇಳುವುದನ್ನೂ ಬಿಟ್ಟರು. ಚಳಿ ಮುಗಿದು ಜೋಳ ಮಾರ್ಕೆಟ್ಟಿಗೆ ಬರುವ ಹೊತ್ತಿಗೆ ತೀರಿಕೊಂಡರು.

ಅವರ ಹೆಸರಿನಲ್ಲಿ ಮಾಡಿದ ಶಿವಗಣಾರಾಧನೆಯ ದಿನ ಬಂಧುಬಳಗ, ಓಣಿಯವರು, ಯಾರ್ಡಿನವರು ಎಲ್ಲ ಊಟಕ್ಕೆ ಬಂದಿದ್ದರು. ಮಾಸ್ತರರೂ ಸಾವಕಾರರೂ ಬಂದಿದ್ದರು. ಬಡಿಸಲು ನಿಂತದ್ದೂ ಅವರೇ. ಯಾರಿಗೂ ಏನೂ ಕಡಿಮೆಯಾಗದಂತೆ ನೋಡಿಕೊಂಡರು. ಎಂಥಾ ಗೆಳೆಯರು ನೋಡು ಎಂದು ನನ್ನ ಮಗಳ ಅತ್ತೆ ಹೇಳಿದಳು. ಊಟ ಮುಗಿದು ಮಂದಿ ಕರಗಿದ ಮೇಲೆ ಇಬ್ಬರೂ ಹೊರಗೆ ಕಟ್ಟೆಯ ಮೇಲೆ ಕೂತರು. ನಾನು ಒಳಗೆ ಕಿಟಕಿಯ ಹತ್ತಿರ ಎಲೆ ಅಡಿಕೆ ತಟ್ಟೆಗೆ ಜೋಡಿಸುತ್ತಿದ್ದೆ.

ಮೊದಲು ನಮ್ಮವರ ಬಗ್ಗೆಯೇ ಮಾತಾಡಿದರು. ಸಾಲಿಯಲ್ಲಿ ಹೀಗಿದ್ದ, ಹಾಗಿದ್ದ. ಆಮೇಲೆ ಮಾಸ್ತರರ ದನಿ.

"ಅಲ್ಲೋ, ಆರನೇದನ್ನ ನೀ ಎಷ್ಟನೇದು ಇಡ್ತಿ?"

"ಎರಡನೇದು."

"ಹುಚ್ಚೇನ? ನಾ ಕಡೀಕ ಇಡಾಂವ. ಹಡಗ ಊರು ಮುಟ್ಟಬಾರ್ದಿತ್ತು. ಮುಟ್ಟಿಸಿ ಕೆಡಿಸಿಬಿಟ್ರು."

"ಮುಟ್ಟದ ಬಿಟ್ರ ಮತ್ತ ಆರು ಸಿನಿಮಾ ಯಾಕ ತಗದ್ರು? ಮಂದಿ ಚಪ್ಪಲಿ ಒಗೀತಿದ್ರು!"

"ಮುಟ್ಟಿದ್ರೂ ಕಪ್ತಾನ ಇಳೀಬಾರ್ದಿತ್ತು. ಅವಂಗ ಅಲ್ಲಿ ಯಾರ ಅದಾರ?"

"ಅವ ಇದ್ದಿದ್ರ," ಎಂದರು ಸಾವಕಾರರು, ನಮ್ಮವರನ್ನು ಕುರಿತು, "ಮೂರನೇದರ ಬಾಜೂಕ ಇಡ್ತಿದ್ದ ನೋಡು."

"ಸಾಧ್ಯನ ಇಲ್ಲ. ಅವ ಬೈದು ಕೆಳಗ ಇಡ್ತಿದ್ದ."

"ಇಲ್ಲೋ. ನನಗ ಗೊತ್ತಿಲ್ಲೇನು ಅವನ ಬುದ್ಧಿ?"

ದನಿ ಏರಿತ್ತು. ನಗುವೂ ಇತ್ತು. ಆ ವಾದ ನನಗೆ ಎಷ್ಟು ಪರಿಚಯದ್ದೆಂದರೆ, ಒಂದು ಗಳಿಗೆ ನಡುವೆ ನಮ್ಮವರ ದನಿ ಬರುತ್ತದೆಂದು ಕಾದೆ. ಹಡಗು ಊರು ಮುಟ್ಟಿತು. ಹೇಳಲು ಬೇಕಾಗಿದ್ದದ್ದು ಇಷ್ಟೇ. ಒಂದು ಉಸಿರಿನ ಮಾತು. ಅದನ್ನು ಬದುಕಿದ್ದವನಿಗೆ ಹೇಳಲಿಲ್ಲ. ಅವನು ಹೋದ ಮೇಲೆ ಅವನ ಮನೆಯ ಕಟ್ಟೆಯ ಮೇಲೆ ಕೂತು, ಅವನ ಪಾಲಿನ ವಾದವನ್ನೂ ತಾವೇ ಮಾಡುತ್ತಿದ್ದರು. ಈಗ ನೋಡದವನು ಯಾರೂ ಉಳಿದಿರಲಿಲ್ಲ ಎಂದು ಅವರ ಲೆಕ್ಕ.

ತಟ್ಟೆ ಹಿಡಿದು ಹೊರಗೆ ಹೋದೆ. ಅವರ ನಡುವೆ ಇಟ್ಟೆ.

"ನಾ ಇನ್ನೂ ನೋಡಿಲ್ರಿ," ಎಂದೆ.

ಮಾಸ್ತರರಿಗೆ ಮೊದಲು ತಿಳಿಯಿತು. ತಲೆ ಕೆಳಗೆ ಹಾಕಿದರು. ಸಾವಕಾರರು ಎದ್ದು ನಿಂತು ಕೈ ಮುಗಿದರು.

"ವೈನಿ, ಅವನ ಮುಂದ ಹೆಂಗ ಹೇಳಾಕ ಬರ್ತಿತ್ರಿ? ಹೇಳಿದ್ರ, ನೀ ಇನ್ನ ನೋಡಂಗಿಲ್ಲ ಅಂತ ಬಾಯಿಬಿಟ್ಟು ಹೇಳಿದಂಗ ಆಗ್ತಿತ್ತಲ್ರಿ."

"ಅವರಿಗೆ ಗೊತ್ತಿತ್ರಿ," ಎಂದೆ. "ನನಗೂ ಗೊತ್ತಿತ್ತು. ಗೊತ್ತಿಲ್ಲದವರು ನೀವಿಬ್ರ."

ಎಲೆ ಅಡಿಕೆ ಮುಟ್ಟದೆ ಹೋದರು. ಮಗಳು ನನ್ನ ಮೇಲೆ ಸಿಟ್ಟಾದಳು. ಮನೆಗೆ ಬಂದವರಿಗೆ, ಅದೂ ಇಂಥ ದಿನ, ಹಾಗೆ ಅನ್ನಬಹುದೇ ಎಂದು. ಅನ್ನಬಾರದಿತ್ತೇನೋ. ಆದರೆ ಅಂದದ್ದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪ ಇಲ್ಲ. ಅವರು ಕೆಟ್ಟವರಲ್ಲ ಎಂದು ಎಲ್ಲರೂ ನನಗೆ ಹೇಳುತ್ತಾರೆ. ನನಗೂ ಗೊತ್ತು. ಅವರಿಗೆ ಅವರ ಗೆಳೆಯ ಸಾಯುತ್ತಾನೆ ಎಂಬ ಮಾತು ಹೇಳಲು ಸಂಕಟವಾಯಿತು. ಆ ಸಂಕಟದಿಂದ ತಮ್ಮನ್ನು ತಾವು ಉಳಿಸಿಕೊಂಡರು. ಉಳಿದದ್ದೆಲ್ಲ ನಮ್ಮವರು ಒಬ್ಬರೇ ಗೋಡೆಗೆ ಮುಖ ಮಾಡಿ ಮುಗಿಸಿದರು.

ಈಗ ಅವರಿಬ್ಬರೂ ಬೇರೆ ಯಾರದೋ ಮನೆಯಲ್ಲಿ ಸೇರುತ್ತಾರಂತೆ. ಹೊಸಬರು ಒಂದಿಬ್ಬರು ಕೂಡಿದ್ದಾರೆ ಎಂದು ಕೇಳಿದ್ದೇನೆ. ಆ ಸಿನಿಮಾಗಳು ಈಗ ಟೀವಿಯಲ್ಲಿ ಬರುತ್ತವೆ. ಬಂದರೆ ನಾನು ಚಾನೆಲ್ ಬದಲಿಸುತ್ತೇನೆ.

ಮೊನ್ನೆ ದುರ್ಗದಬೈಲಿನಲ್ಲಿ ಕಾಯಿಪಲ್ಲೆ ಕೊಳ್ಳುವಾಗ ಸಾವಕಾರರು ಎದುರಾದರು. ಕೂದಲು ಪೂರ್ತಿ ಬೆಳ್ಳಗಾಗಿದೆ. "ಅರಾಮ ಇದ್ದೀರೇನ್ರಿ ವೈನಿ?" ಎಂದರು. "ಇದ್ದೇನ್ರಿ," ಎಂದೆ. ಏನೋ ಹೇಳುವವರಂತೆ ನಿಂತರು. ನಾನೂ ನಿಂತೆ. ಹೇಳಿದ್ದರೆ ಕೇಳುತ್ತಿದ್ದೆ, ಅಷ್ಟು ಹೊತ್ತು ಅಲ್ಲಿ ನಿಂತದ್ದು ಅದಕ್ಕೇ. ಅವರು ಬುಟ್ಟಿಯ ಕಡೆ ಬಗ್ಗಿ, ಮೆಂತ್ಯೆಯ ಸಿವುಡು ಎಷ್ಟಕ್ಕೆ ಕೊಡುತ್ತೀ ಎಂದು ಮಾರುವವಳನ್ನು ಕೇಳಿದರು.